ಎರ್ಸಿಲಿಯಾ ಕೂಡಿಸಿದ ಶ್ರುತಿ

ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ಹಾಗೆ ಅಂದವರು ಎರ್ಸಿಲಿಯಾ ಕಪುವೊತ್ಸೊಳನ್ನು ನೋಡಿರಲಿಲ್ಲ. ಅವಳು ಇಪ್ಪತ್ತೆರಡು ವರ್ಷ ಕಾದಳು. ಮೂಲೆಯಲ್ಲಿ ಮುಸುಕು ಹೊದ್ದು ಕಾದದ್ದಲ್ಲ; ದಿನಾ ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಚರ್ಮದ ಚೀಲ ಹೆಗಲಿಗೇರಿಸಿಕೊಂಡು ನೇಪಲ್ಸಿನ ಹಾರ್ಪ್ಸಿಕಾರ್ಡುಗಳಿಗೆಲ್ಲ ಶ್ರುತಿ ಕೂಡಿಸುತ್ತಾ ಕಾದಳು.

ಹಾರ್ಪ್ಸಿಕಾರ್ಡು ಬಲು ಮುನಿಸಿನ ವಾದ್ಯ. ಪಿಯಾನೊ ಥರ ತಿಂಗಳುಗಟ್ಟಲೆ ಶ್ರುತಿ ಹಿಡಿದು ಕೂರುವುದಿಲ್ಲ. ಆಫ್ರಿಕಾ ಕಡೆಯಿಂದ ಬಿಸಿಗಾಳಿ ಬೀಸಿದ ದಿನವಂತೂ ಗಂಟೆಗೊಮ್ಮೆ ಜಾರುತ್ತದೆ. ಅಂಥ ದಿನ ಎರ್ಸಿಲಿಯಾ ಅದರ ಮುಂದೆ ಕುಳಿತು, ಸೊಸೆಯನ್ನು ಬೈಯುವ ಅತ್ತೆಯ ಹಾಗೆ ಬೈಯುತ್ತಾ ಒಂದೊಂದೇ ತಂತಿಯನ್ನು ದಾರಿಗೆ ತರುತ್ತಿದ್ದಳು. ಕುಳ್ಳಗಿನ ಹೆಂಗಸು, ಬಡಗಿಯಂಥ ಮಣಿಕಟ್ಟು. ಕಿವಿ ಮಾತ್ರ ದೇವರು ಬೇರೆ ಯಾರಿಗೋ ಎತ್ತಿಟ್ಟದ್ದನ್ನು ಇವಳಿಗೆ ಕೊಟ್ಟಿದ್ದ. ಅವಳಪ್ಪನದೂ ಅದೇ ಕೆಲಸ. ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ನಾಲ್ಕು ಶ್ರುತಿಕವೆಗಳು. ಕವೆಯನ್ನು ಮೊಣಕಾಲಿಗೆ ಬಡಿದರೆ ಒಂದೇ ಸ್ವರ ನುಡಿಯುತ್ತದೆ, ನಾವೆಲ್ಲ ಅದಕ್ಕೇ ಸೇರಿಸಿಕೊಳ್ಳಬೇಕು.

ನಾವು ಅಂದರೆ ವಾದ್ಯದವರು. ನನ್ನ ಹೆಸರು ಬ್ಯಾಜೊ; ತಿಯೋರ್ಬೊ ನುಡಿಸುವವ. ಆಳೆತ್ತರದ ಕತ್ತಿರುವ ತಂತಿವಾದ್ಯ ಅದು, ಬಸ್ಸಿಗೆ ಹತ್ತಿಸಿದರೆ ಜನ ಬೈಯುತ್ತಾರೆ. ಎರ್ಸಿಲಿಯಾಳ ಮನೆ ಸಾನಿತಾ ಕೇರಿಯಲ್ಲಿ, ನನ್ನದೂ ಅಲ್ಲೇ, ಎರಡು ಮಹಡಿ ಕೆಳಗೆ. ಈ ಕಥೆಯಲ್ಲಿ ನನ್ನ ಪಾಲಿನ ಕೊಳಕೂ ಇದೆ. ಅದನ್ನೂ ಹೇಳುತ್ತೇನೆ.

ಅವಳ ತಮ್ಮ ಕತೆಲ್ಲೊ. ಎದೆ, ಗಡ್ಡ, ತೋಳು ಎಲ್ಲ ಗಂಡಸಿನದೇ; ಹಾಡಲು ಬಾಯಿ ತೆರೆದರೆ ಹೆಣ್ಣಿನ ಎತ್ತರದ ಶಾರೀರ. ಇಂಥವರನ್ನು ಕೌಂಟರ್‌ಟೆನರ್ ಅನ್ನುತ್ತಾರೆ. ನಮ್ಮೂರಲ್ಲಿ ಮುನ್ನೂರು ವರ್ಷದ ಹಿಂದೆ ದೊಡ್ಡವರ ಮನೆಯ ಹಜಾರಕ್ಕೆಂದು ಬರೆದ ಕಾಂತಾತಾಗಳು ರಾಶಿ ಬಿದ್ದಿವೆ. ಒಂದು ಕಂಠ, ಎರಡು ಮೂರು ವಾದ್ಯ, ಕೈಕೊಟ್ಟ ಪ್ರಿಯೆಯ ಮೇಲೆ ಒಂದು ದೂರು, ಅಷ್ಟೇ. ಆ ಹಾಡುಗಳ ಮೊದಲ ಭಾಗ ಕೊನೆಯಲ್ಲಿ ಇನ್ನೊಮ್ಮೆ ಬರುತ್ತದೆ. ಎರಡನೆಯ ಸಲವೂ ಬರೆದದ್ದನ್ನು ಬರೆದ ಹಾಗೇ ಹಾಡುವವನು ಹಾಡುಗಾರನಲ್ಲ, ಗುಮಾಸ್ತ. ಅಲ್ಲಿ ತನ್ನದೇ ಸಂಗತಿ ಹಾಕಬೇಕು. ತೀರಾ ಕೊನೆಗೆ ವಾದ್ಯಗಳೆಲ್ಲ ನಿಲ್ಲುತ್ತವೆ. ಉಸಿರಿರುವಷ್ಟು ಹೊತ್ತು ಅವನೊಬ್ಬನೇ ಹಾಡಿ ಮುಗಿಸಬೇಕು. ಆ ಸಂಗತಿಗಳು ಹಾಡುಗಾರನ ರುಜು ಇದ್ದ ಹಾಗೆ.

ಕತೆಲ್ಲೊ ತನ್ನ ಸಂಗತಿಗಳನ್ನು ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದ. ಅವನ ಜೊತೆ ಕಲಿಯುತ್ತಿದ್ದವನು ಲುದೊವಿಕೊ ಪಿಸ್ಕೊಪೊ, ಗುಡ್ಡದ ಮೇಲಿನ ವೊಮೆರೊದ ಡಾಕ್ಟರ ಮಗ. ಅವನ ಶಾರೀರ ಸಕ್ಕರೆ, ಒಪ್ಪಿದೆ. ತಲೆಯಲ್ಲಿ ಮಾತ್ರ ಒಂದೂ ಸಂಗತಿ ಹುಟ್ಟುತ್ತಿರಲಿಲ್ಲ. ಒಂದು ವಾರಕ್ಕೆ ಅಂತ ನೋಟ್‌ಬುಕ್ ಕೇಳಿ ತೆಗೆದುಕೊಂಡುಹೋಗಿ ಐದು ತಿಂಗಳು ಇಟ್ಟುಕೊಂಡ. ಎಪ್ಪತ್ತೆರಡರಲ್ಲಿ ಅವನ ಮೊದಲ ಕಾಂತಾತಾ ರೆಕಾರ್ಡು ಬಂತು. ಯುರೋಪಿಗೆ ಯುರೋಪೇ ತಲೆದೂಗಿತು. ‘ಆ ಸಂಗತಿಗಳು! ಎಂಥ ಕಲ್ಪನೆ!’ ಎಂದು ಪತ್ರಿಕೆಗಳು ಬರೆದವು.

ಆ ರೆಕಾರ್ಡಿನಲ್ಲಿ ತಿಯೋರ್ಬೊ ನುಡಿಸಿದವನು ನಾನು. ಮೊದಲ ದಿನವೇ ನನಗೆ ಗೊತ್ತಾಯಿತು, ಇವೆಲ್ಲ ಕತೆಲ್ಲೊನವು. ಬಾಯಿ ಬಿಡಲಿಲ್ಲ. ಮುಂದಿನ ರೆಕಾರ್ಡಿಗೂ ನನ್ನನ್ನೇ ಕರೆಯಲಿ ಅನ್ನುವ ಆಸೆ. ನಾಯಿ ಬುದ್ಧಿ ಅನ್ನಿ, ಒಪ್ಪಿಕೊಳ್ಳುತ್ತೇನೆ.

ಮರುವರ್ಷ ಕತೆಲ್ಲೊ ರೋಮಿನಲ್ಲಿ ಒಂದು ಆಯ್ಕೆಗೆ ಹಾಡಲು ಹೋದ. ಮೂವರು ತೀರ್ಪುಗಾರರು. ಮೊದಲ ಹಾಡು ಮುಗಿಯುತ್ತಲೇ ನಡುವೆ ಕುಳಿತವನು ಕೈಯೆತ್ತಿ ನಿಲ್ಲಿಸಿದನಂತೆ.

“ಕಂಠ ಚೆನ್ನಾಗಿದೆ ಕಣಪ್ಪ. ಆದ್ರೆ ಪಿಸ್ಕೊಪೊ ಅವರದ್ದನ್ನ ಹೀಗೆ ಸ್ವರ ಸ್ವರಾನೂ ಕದ್ರೆ ಹೇಗೆ? ಸ್ವಂತದ್ದು ಏನಾದ್ರೂ ಇದ್ರೆ ಹಾಡು.”

ಕದ್ದವನು ಕುದುರೆ ಏರಿದ, ಕಳಕೊಂಡವನಿಗೆ ಕಳ್ಳನ ಪಟ್ಟ. ಕತೆಲ್ಲೊ ವಾದ ಮಾಡಲಿಲ್ಲ, ಟೋಪಿ ಎತ್ತಿಕೊಂಡು ರೈಲು ಹತ್ತಿ ಬಂದುಬಿಟ್ಟ. ಅಷ್ಟರಲ್ಲಿ ವಾಪಸು ಬಂದಿದ್ದ ನೀಲಿ ನೋಟ್‌ಬುಕ್ಕನ್ನು ಕೆಳಗಿನ ಬೇಕರಿಯ ಒಲೆಗೆ ಹಾಕಿದ. ಎರ್ಸಿಲಿಯಾ ಓಡಿ ಬರುವ ಹೊತ್ತಿಗೆ ರಟ್ಟು ಸುರುಟಿಕೊಳ್ಳುತ್ತಿತ್ತು. ಆಮೇಲೆ ಅವನು ಒಂದೂ ಕಾಂತಾತಾ ಹಾಡಲಿಲ್ಲ.

ಹೊಟ್ಟೆಪಾಡಿಗೆ ಬುಟ್ಟಿ ಹೊತ್ತ. ಉಪ್ಪುನೀರಲ್ಲಿ ನೆನೆಸಿದ ಲುಪೀನಿ ಕಾಳು, ಹುರಿದ ಕುಂಬಳಬೀಜ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಕೇರಿಗೆ ಬಂದು, ಮುಖ ಮೇಲೆತ್ತಿ, ಮಹಡಿಗಳ ಕಡೆ ಒಂದು ಕೂಗು ಹಾಕುತ್ತಿದ್ದ. ಮಾತಿಲ್ಲ, ಬರೀ ಸ್ವರ. ಕೆಳಗಿನಿಂದ ಒಂದೇ ನೆಗೆತಕ್ಕೆ ಮೇಲೆ ಹೋಗಿ, ಅಲ್ಲಿ ಗಾಳಿಪಟದ ಹಾಗೆ ನಿಂತು, ಐದು ಮೆಟ್ಟಿಲು ನಿಧಾನ ಇಳಿದು, ಕೊನೆಗೆ ಒಂದು ಸಣ್ಣ ಬಿಕ್ಕು. ಆ ಬಿಕ್ಕು ಬುಟ್ಟಿಯನ್ನು ಬಲಹೆಗಲಿಂದ ಎಡಹೆಗಲಿಗೆ ಹಾಕಿಕೊಳ್ಳುವಾಗ ಬರುತ್ತಿದ್ದದ್ದು. ಅದು ಕೇಳಿತೋ, ಹೆಂಗಸರು ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದರು. ಹದಿನಾರು ವರ್ಷ ಹೀಗೇ ನಡೆಯಿತು. ಎಂಬತ್ತೊಂಬತ್ತರ ಚಳಿಗಾಲದಲ್ಲಿ ಎದೆ ಕಟ್ಟಿ ಸತ್ತ.

ಲುದೊವಿಕೊಗೆ ಇದ್ಯಾವುದೂ ಗೊತ್ತಿಲ್ಲ. ಅವನು ಮಿಲಾನು, ಪ್ಯಾರಿಸ್ಸು ಅಂತ ಇದ್ದವನು. ನಮ್ಮ ಕೇರಿಗೆ ಕಾಲಿಟ್ಟವನೇ ಅಲ್ಲ.

ತೊಂಬತ್ತನಾಲ್ಕರ ಜೂನಿನಲ್ಲಿ ಅವನು ಬಂದ. ಐವತ್ತು ದಾಟುವ ಮುಂಚೆ ಕಾಂತಾತಾಗಳ ಇನ್ನೊಂದು ರೆಕಾರ್ಡು ಮಾಡಬೇಕು, ಅದೂ ಅವು ಹುಟ್ಟಿದ ಊರಲ್ಲೇ, ಅಂತ. ಸಾನಿತಾದ ಹಳೆಯ ಪ್ರಾರ್ಥನಾಮಂದಿರವೊಂದನ್ನು ಗೊತ್ತು ಮಾಡಿದರು. ಕೇರಿ ಊಟ ಮಾಡಿ ಮಲಗುವ ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ ಕೆಲಸ. ಉಳಿದ ಹೊತ್ತು ಸ್ಕೂಟರುಗಳ ಗಲಾಟೆ. ಹಾರ್ಪ್ಸಿಕಾರ್ಡಿಗೆ ಆ ಬಿಸಿಗಾಳಿಯಲ್ಲಿ ಶ್ರುತಿ ನಿಲ್ಲಿಸಬಲ್ಲವಳು ಊರಲ್ಲಿ ಒಬ್ಬಳೇ, ಎರ್ಸಿಲಿಯಾ. ತಿಯೋರ್ಬೊಗೆ ಈ ಸಲವೂ ನಾನೇ.

ಮೊದಲ ದಿನ ಲುದೊವಿಕೊ ತೋಳು ಚಾಚಿಕೊಂಡು ಬಂದ. “ದೊನ್ನಾ ಎರ್ಸಿಲಿಯಾ! ನೀವು ಒಂಚೂರೂ ಬದಲಾಗಿಲ್ಲ!”

“ನೀವು ಆಗಿದ್ದೀರಿ ಮಾಯೆಸ್ತ್ರೊ. ಊದಿಕೊಂಡಿದ್ದೀರಿ.”

ಅವನು ನಕ್ಕ. “ಕತೆಲ್ಲೊ ಹೇಗಿದ್ದಾನೆ? ಈಗಲೂ ಹಾಡ್ತಾನಾ?”

ನನ್ನ ಕೈಯಿಂದ ವಾದ್ಯ ಜಾರುವುದೊಂದು ಬಾಕಿ. ಎರ್ಸಿಲಿಯಾ ತಂತಿ ತಿರುಗಿಸುವ ಕೀಲಿಯಿಂದ ಕಣ್ಣೆತ್ತಲಿಲ್ಲ.

“ಚೆನ್ನಾಗಿದ್ದಾನೆ. ಹಾಡ್ತಾನೆ.”

“ಭೇಷ್! ನಾನು ಕೇಳ್ದೆ ಅಂತ ಹೇಳಿ.”

“ಹೇಳ್ತೀನಿ. ಇವತ್ತೇ ಹೇಳ್ತೀನಿ.”

ಸಂಜೆ ಅವಳು ನಿಜಕ್ಕೂ ಬಸ್ಸು ಹಿಡಿದು ಸ್ಮಶಾನಕ್ಕೆ ಹೋಗಿ ಹೇಳಿ ಬಂದಳು.

ಕೆಲಸ ಶುರುವಾಯಿತು. ದಿನಕ್ಕೊಂದು ಕಾಂತಾತಾ. ಮೊದಲ ದಿನ ಎಲ್ಲ ಸರಿಯಾಗಿತ್ತು. ಎರಡನೆಯ ದಿನ ಲುದೊವಿಕೊ ನೀರು ಜಾಸ್ತಿ ಕುಡಿದ. ಮೂರನೆಯ ದಿನ ಮೇಲಿನ ಸ್ವರಗಳ ಹತ್ತಿರ ಬಂದಾಗಲೆಲ್ಲ ಅವನ ಕತ್ತಿನ ನರ ಉಬ್ಬುತ್ತಿತ್ತು. ಅದೇ ದಿನ ನನ್ನ ಎರಡು ತಂತಿ ಪಟ್ಟೆಂದವು. ಕರುಳಿನ ತಂತಿ ಸುಮ್ಮನೆ ಕಡಿಯುವುದಿಲ್ಲ, ಬಿಗಿ ಹೆಚ್ಚಾದರೆ ಕಡಿಯುತ್ತದೆ. ರೆಕಾರ್ಡು ಮಾಡುವ ಮಿಲಾನಿನ ಹುಡುಗನಿಗೂ ಅನುಮಾನ ಬಂದು, “ಶ್ರುತಿ ಸರಿಯಿದೆಯಾ ಸಿನ್ಯೋರಾ?” ಎಂದು ಕೇಳಿದ. ಎರ್ಸಿಲಿಯಾ ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು ಅವನ ಕಿವಿಗೇ ಹಿಡಿದಳು. ಹಾರ್ಪ್ಸಿಕಾರ್ಡಿನ ಸ್ವರ ಅದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಸೇರಿತ್ತು. ಅವನು ಕ್ಷಮೆ ಕೇಳಿ ಹೋದ.

ನಾನು ಕಡಿದ ತಂತಿ ಹಿಡಿದುಕೊಂಡು ಸೀದಾ ಅವಳ ಅಡುಗೆಮನೆಗೆ ಹೋದೆ. ಟೊಮೆಟೊ ಹೆಚ್ಚುವ ಅಮೃತಶಿಲೆಯ ಮೇಲೆ ಅರ ಬಿದ್ದಿತ್ತು, ಪಕ್ಕದಲ್ಲಿ ಕಬ್ಬಿಣದ ಪುಡಿ. ಶ್ರುತಿಕವೆಯ ತುದಿಯನ್ನು ಅರದಿಂದ ತೀಡಿದರೆ ಅದರ ಸ್ವರ ಏರುತ್ತದೆ, ಅದಕ್ಕೆ ಸೇರುವ ವಾದ್ಯಗಳೂ ಹಾಡುವವನೂ ಏರಲೇಬೇಕು. ಅಪ್ಪನ ನಾಲ್ಕರಲ್ಲಿ ಮೂರನ್ನು ಅವಳು ತೀಡಿದ್ದಳು, ಒಂದಕ್ಕಿಂತ ಒಂದನ್ನು ಜಾಸ್ತಿ. ಎರಡನೆಯ ದಿನದಿಂದ ದಿನಕ್ಕೊಂದು ಚೀಲದಿಂದ ಹೊರಗೆ ಬರುತ್ತಿತ್ತು. ಎಲ್ಲರೂ ಪರೀಕ್ಷೆ ಮಾಡುತ್ತಿದ್ದದ್ದು ಆ ಕವೆಯಿಂದಲೇ. ಕವೆಯನ್ನು ಪರೀಕ್ಷೆ ಮಾಡುವವನು ಯಾರು?

“ಇದು ಪಾಪ ಕಣೇ ಎರ್ಸಿಲಿಯಾ,” ಅಂದೆ.

“ಪಾಪಾನಾ? ಅವತ್ತು ರೆಕಾರ್ಡಲ್ಲಿ ಕೂತು ಎಲ್ಲಾ ಕೇಳಿಸ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡ್ಯಲ್ಲ, ಅದೇನು ಪುಣ್ಯಾನಾ?”

“ಅವನ ಗಂಟಲು ಹೋಗುತ್ತೆ.”

“ಹೋಗ್ಲಿ. ನಮ್ಮ ಕತೆಲ್ಲೊಂದು ಹೋಗ್ಲಿಲ್ವಾ? ಕೂತ್ಕೋ, ಕಾಫಿ ಕುಡಿ. ಇಲ್ಲಾ ಹೋಗಿ ಅವನಿಗೆ ಹೇಳ್ಬಿಡು. ಹೇಳೋದು ನಿನಗೆ ಅಭ್ಯಾಸ ಇಲ್ವಲ್ಲ.”

ಆ ಮಾತು ನೆಟ್ಟ ಜಾಗ ಇವತ್ತೂ ನೋಯುತ್ತದೆ. ಕಾಫಿ ಕುಡಿದು ಎದ್ದು ಬಂದೆ. ಹೇಳಲಿಲ್ಲ.

ನಾಲ್ಕನೆಯ ದಿನ ಅವನ ಶಾರೀರ ಒಡೆಯಿತು. ಒಂದು ಸಲ ಅಲ್ಲ, ಒಂಬತ್ತು ಸಲ, ಒಂದೇ ಸ್ವರದ ಮೇಲೆ. ಸಕ್ಕರೆಯಂಥ ಕಂಠ ಕೋಳಿಮರಿಯ ಕಂಠವಾಯಿತು. ಅವನು ಅಂಗಳಕ್ಕೆ ಹೋಗಿ ನಿಂಬೆ ಕುಂಡದ ಪಕ್ಕ ತಲೆ ಹಿಡಿದು ಕುಳಿತ. ವಾದ್ಯ ಮುಚ್ಚಿ ಹೊರಬಂದ ಎರ್ಸಿಲಿಯಾಳನ್ನು ಕರೆದ. ನಾನು ಬಾಗಿಲ ಹತ್ತಿರವೇ ಇದ್ದೆ.

“ದೊನ್ನಾ ಎರ್ಸಿಲಿಯಾ, ನನಗೆ ವಯಸ್ಸಾಯ್ತು. ಮೇಲಿನ ಸ್ವರ ಸಾಲ್ತಾ ಇಲ್ಲ. ನಾಳೆ ಕೊನೇ ಕಾಂತಾತಾ. ಸಂಗತಿ ಎಲ್ಲಾ ಬೇರೆ ಥರ ಹಾಕ್ಬೇಕು, ನನಗೆ ಒಂದೂ ಹೊಳೀತಿಲ್ಲ.” ಅವನು ದನಿ ತಗ್ಗಿಸಿದ. “ಕತೆಲ್ಲೊ ಬರ್ದುಕೊಡ್ತಾನಾ? ಅವನಿಗೆ ಅದು ನೀರು ಕುಡಿದಷ್ಟು ಸುಲಭ.”

ನಾನು ಎರ್ಸಿಲಿಯಾಳ ಮುಖ ನೋಡುತ್ತಿದ್ದೆ. ಅವನು ಪಾರಾಗಲೆಂದು ಒಂದು ಬಾಗಿಲು ತೆರೆದಿಟ್ಟಳು, ಅಷ್ಟು ನ್ಯಾಯ ಅವಳಿಗಿತ್ತು.

“ಬರ್ದುಕೊಡ್ತಾನೆ. ರೆಕಾರ್ಡಿನ ಮೇಲೆ ಅವನ ಹೆಸರು ಹಾಕ್ತೀರಾ?”

ಲುದೊವಿಕೊ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. “ನೋಡಿ, ನಾನು ಹಾಕ್ಬಹುದು. ಆದ್ರೆ ಸಂಗತಿ ಹಾಡುಗಾರನದೇ ಆಗಿರ್ಬೇಕು ಅಂತ ಜನ ಬಯಸ್ತಾರೆ. ರೆಕಾರ್ಡಿನ ಜೊತೆ ಕೊಡೋ ಪುಸ್ತಿಕೆಯಲ್ಲಿ ಆಗ್ಲೇ ಹಾಗೆ ಬರೆಸಿದ್ದೀನಿ. ಅವನಿಗೆ ನಾನೊಂದು ಒಳ್ಳೇ ಕೋಟು ತಂದುಕೊಡ್ತೀನಿ, ಪ್ಯಾರಿಸ್ಸಿಂದ.”

“ಕೋಟು,” ಅಂದಳು ಎರ್ಸಿಲಿಯಾ. “ಸರಿ. ನಾಳೆ ತರ್ತೀನಿ.”

ತಮ್ಮನ ಶಾಲೆಯ ಮನೆಪಾಠವನ್ನೆಲ್ಲ ಬರೆದುಕೊಡುತ್ತಿದ್ದವಳು ಅವಳೇ. ಅವನ ಕೈಬರಹ ಅವಳಿಗೆ ಕಂಠಪಾಠ. ಮೊಂಡು ಪೆನ್ಸಿಲಿನಲ್ಲಿ ಎರಡು ಹಾಳೆ ಬರೆದಳು. ನಡುವಿನ ಸಂಗತಿಗಳು ಎಲ್ಲರೂ ಹಾಕುವಂಥವು. ಕೊನೆಯದು, ವಾದ್ಯಗಳೆಲ್ಲ ನಿಂತ ಮೇಲೆ ಒಂಟಿಯಾಗಿ ಹಾಡುವುದು, ಅದೇ ಕೂಗು. ಒಂದೇ ನೆಗೆತ, ಮೇಲೆ ನಿಲುಗಡೆ, ಐದು ಮೆಟ್ಟಿಲು, ಬಿಕ್ಕು. ಪಕ್ಕದಲ್ಲಿ ಸಣ್ಣಗೆ ‘ಮುಖ ಮೇಲೆತ್ತಿ’ ಎಂದು ಬರೆದಿತ್ತು.

ಐದನೆಯ ದಿನ ಚೀಲದಿಂದ ಮೊದಲ ದಿನದ ಕವೆಯೇ ಮತ್ತೆ ಹೊರಬಂತು, ಅರ ಮುಟ್ಟದ್ದು.

“ಇವತ್ತೇನು ಕರುಣೆ?” ಎಂದು ಪಿಸುಗುಟ್ಟಿದೆ.

“ಕರುಣೆ ಯಾರ ಮೇಲೆ? ಇವತ್ತು ನನ್ನ ತಮ್ಮ ಹಾಡ್ತಾನೆ. ಶ್ರುತಿ ಸರಿಯಾಗಿರ್ಬೇಕು.”

ಶ್ರುತಿ ಇಳಿದದ್ದೇ ಲುದೊವಿಕೊನ ಗಂಟಲು ಹಗುರವಾಯಿತು. ಅವನಿಗೆ ಅದು ಹಾಳೆಯ ಮಹಿಮೆ ಅನ್ನಿಸಿತು. ಕೊನೆಗೆ ನಾವೆಲ್ಲ ಕೈ ನಿಲ್ಲಿಸಿದೆವು. ಅವನು ಮುಖ ಮೇಲೆತ್ತಿ ಹಾಡಿದ. ದೇವರಾಣೆ, ಚೆನ್ನಾಗಿ ಹಾಡಿದ. ಮಂದಿರದ ಗೋಡೆಗಳ ನಡುವೆ, ಸತ್ತು ಐದು ವರ್ಷವಾದವನು ಬುಟ್ಟಿ ಹೊತ್ತು ನಡೆದುಹೋದ ಹಾಗಾಯಿತು. ನನ್ನ ಕಣ್ಣು ತುಂಬಿದವು. ಪಕ್ಕದಲ್ಲಿ ಚೆಲ್ಲೊ ನುಡಿಸುವವಳು ಫ್ಲಾರೆನ್ಸಿನವಳು, “ಆ ಕೊನೆಯ ಬಿಕ್ಕು! ಎಂಥ ವಿರಹ!” ಅಂದಳು. ಎರ್ಸಿಲಿಯಾ ಕೀಲಿ ಒರೆಸುತ್ತಾ ಕುಳಿತಿದ್ದಳು.

ನವೆಂಬರಿನ ಒಂದು ಭಾನುವಾರ ಅದೇ ಮಂದಿರದಲ್ಲಿ ರೆಕಾರ್ಡಿನ ಬಿಡುಗಡೆ. ರೋಮಿನಿಂದ ವಿಮರ್ಶಕರು, ಟೀವಿಯವರು, ತುಪ್ಪಳದ ಕೋಟಿನ ಹೆಂಗಸರು ಬಂದಿದ್ದರು. ಲುದೊವಿಕೊ ತಾನೇ ಹೇಳಿ ಬೀದಿಬಾಗಿಲು ತೆಗೆಸಿದ, ಅಂಗಳದಲ್ಲಿ ಒಂದು ಸ್ಪೀಕರು ಇಡಿಸಿದ. “ಬಡಜನರೂ ಕೇಳಲಿ,” ಅಂದ. ಹನ್ನೊಂದರ ಹೊತ್ತು, ಬಿಸಿಲು ಚೆನ್ನಾಗಿತ್ತು. ಮನೆಮನೆಯಲ್ಲೂ ಮಾಂಸದ ಸಾರು ಕುದಿಯುವ ವಾಸನೆ, ಕಿಟಕಿಗಳೆಲ್ಲ ತೆರೆದೇ ಇದ್ದವು. ಎರ್ಸಿಲಿಯಾ ಕರಿ ಬಟ್ಟೆ ಉಟ್ಟು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಒಂದು ಕಾಗದದ ಪೊಟ್ಟಣ.

ಹಾಕಿದ್ದ ರೆಕಾರ್ಡಿನಲ್ಲಿ ಕೊನೆಯ ಕಾಂತಾತಾ ಕೊನೆಗೆ ಬಂತು. ವಾದ್ಯಗಳು ನಿಂತವು. ಕೂಗು ಎದ್ದಿತು.

ಎದುರುಮನೆಯ ಮೂರನೆಯ ಮಹಡಿಯಿಂದ ಒಂದು ಬುಟ್ಟಿ ಇಳಿಯತೊಡಗಿತು.

ಅದು ಮುದುಕಿ ಅಸ್ಸೂಂತಾಳ ಬುಟ್ಟಿ. ತಲೆಗಿಂತ ಮುಂಚೆ ಅವಳ ಕೈಗೆ ನೆನಪಾಗಿತ್ತು. ಅರ್ಧ ಇಳಿದ ಬುಟ್ಟಿ ಗಾಳಿಯಲ್ಲಿ ನಿಂತಿತು. “ಯೇಸುವೇ! ಕತೆಲ್ಲೊ!” ಎಂದು ಅವಳು ಕಿರುಚಿದಳು. ಅಷ್ಟರಲ್ಲಿ ಆಚೆಮನೆಯ ಬುಟ್ಟಿ ಇಳಿದಿತ್ತು, ಅದರ ಆಚೆಯದೂ. ಹೆಂಗಸರು ಮಹಡಿಯಿಂದ ಮಹಡಿಗೆ ಕೂಗಾಡಿದರು. “ಕತೆಲ್ಲೊನ ದನಿ ಕಣ್ರೇ!” “ಯಾರೋ ಅವನ ಕೂಗು ಕೂಗ್ತಿರೋದು?” ಬೇಕರಿಯವನು ಕೈಗೆ ಹಿಟ್ಟು ಮೆತ್ತಿಕೊಂಡೇ ಮಂದಿರದ ಒಳಗೆ ನುಗ್ಗಿದ.

ರೋಮಿನ ವಿಮರ್ಶಕ ಕೈಯಲ್ಲಿದ್ದ ಪುಸ್ತಿಕೆ ಮಡಚಿ ಕೇಳಿದ. “ಯಾರು ಈ ಕತೆಲ್ಲೊ?”

“ನಮ್ಮ ಲುಪೀನಿ ಮಾರೋನು ಸ್ವಾಮಿ,” ಅಂದ ಬೇಕರಿಯವನು. “ಹದಿನಾರು ವರ್ಷ ದಿನಾ ಇದೇ ಕೂಗು. ಈ ಮಹಾರಾಯರು ಯಾವತ್ತು ಬಂದು ಕದ್ದು ಕೇಳಿದ್ರೋ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಲುದೊವಿಕೊ ಗಂಟಲು ಮುಟ್ಟಿಕೊಂಡ. “ಕದ್ದದ್ದಲ್ಲ!” ಎಂದು ಎದ್ದೇ ನಿಂತ. “ಅವನೇ ಬರ್ದುಕೊಟ್ಟದ್ದು, ಜೂನಿನಲ್ಲಿ! ಅವನ ಕೈಬರಹದ ಹಾಳೆ ಇದೆ ನನ್ನ ಹತ್ರ!”

“ಎಲ್ಲ ಸಂಗತಿ ನಿಮ್ಮದೇ ಅಂತ ಇಲ್ಲಿ ಅಚ್ಚಾಗಿದೆಯಲ್ಲ?” ಎಂದ ವಿಮರ್ಶಕ.

“ಹಾಗೇ ಬರೆಯೋದು! ಮೊದಲಿನಿಂದಲೂ ಅವನು ಬರ್ದುಕೊಡ್ತಿದ್ದ, ನಾನು ಹಾಡ್ತಿದ್ದೆ. ಕರೀರಿ ಅವನನ್ನ! ದೊನ್ನಾ ಎರ್ಸಿಲಿಯಾ, ಕರ್ಕೊಂಡು ಬನ್ನಿ ಕತೆಲ್ಲೊನ್ನ, ಅವನೇ ಹೇಳ್ಲಿ!”

‘ಮೊದಲಿನಿಂದಲೂ’ ಅಂದದ್ದು ಟೀವಿಯವರ ಪೆಟ್ಟಿಗೆಯೊಳಗೆ ಹೋಗಿ ಕೂತಿತ್ತು. ಯಾರೂ ಬಾಯಿಗೆ ಕೋಲು ಹಾಕಿ ತೆಗೆಸಿದ್ದಲ್ಲ. ಆಗ ನಾನೂ ಎದ್ದೆ. “ಎಪ್ಪತ್ತೆರಡರ ರೆಕಾರ್ಡಿನವೂ ಅವನವೇ,” ಅಂದೆ. “ನಾನು ಅಲ್ಲಿದ್ದೆ. ನನಗೆ ಗೊತ್ತಿತ್ತು.” ಇಪ್ಪತ್ತೆರಡು ವರ್ಷ ತಡವಾಗಿತ್ತು. ಆದರೂ ಅಂದೆ.

ಎರ್ಸಿಲಿಯಾ ಕುರ್ಚಿಯಿಂದ ಎದ್ದಳು. ದನಿ ಎತ್ತರಿಸಲಿಲ್ಲ.

“ಕರ್ಕೊಂಡು ಬರೋಕಾಗಲ್ಲ ಮಾಯೆಸ್ತ್ರೊ. ಅವನು ಸತ್ತು ಐದು ವರ್ಷ ಆಯ್ತು.”

“ಚೆನ್ನಾಗಿದ್ದಾನೆ ಅಂದ್ರಿ! ಹಾಡ್ತಾನೆ ಅಂದ್ರಿ!”

“ಹಾಡ್ಲಿಲ್ವಾ? ಈಗ ತಾನೇ ನೀವೇ ಹಾಡಿಸಿದ್ರಿ.”

ಅವಳು ಅವನನ್ನು ಇನ್ನೊಮ್ಮೆ ನೋಡಲೂ ಇಲ್ಲ. ಸೀದಾ ಬೀದಿಗೆ ಇಳಿದಳು. ಅಸ್ಸೂಂತಾಳ ಬುಟ್ಟಿ ಇನ್ನೂ ಎರಡಾಳೆತ್ತರದಲ್ಲಿ ನೇತಾಡುತ್ತಿತ್ತು.

“ಇಳಿಸಮ್ಮಾ ಅಸ್ಸೂಂತಾ,” ಎಂದು ಎರ್ಸಿಲಿಯಾ ಕೂಗಿದಳು. “ಪೂರ್ತಿ ಇಳಿಸು.”

ಬುಟ್ಟಿ ಇಳಿಯಿತು. ಅವಳು ಪೊಟ್ಟಣ ಬಿಚ್ಚಿ, ಉಪ್ಪುನೀರು ಇನ್ನೂ ತೊಟ್ಟಿಕ್ಕುತ್ತಿದ್ದ ಒಂದು ಹಿಡಿ ಲುಪೀನಿ ಕಾಳನ್ನು ಅದರಲ್ಲಿ ಹಾಕಿ, ಹಗ್ಗ ಎರಡು ಸಲ ಜಗ್ಗಿದಳು. ಆಮೇಲೆ ಪಕ್ಕದ ಬುಟ್ಟಿಯ ಕಡೆ ನಡೆದಳು.